ಆಬ್ಜೆಕ್ಟಿವ್-ಸಿಯಲ್ಲಿ ವೆಬ್ ವಿಳಾಸ ಕಟ್ಟುವ ಸಲಕರಣೆಗಳು: ದಿನವೂ ಬಳಸುವವನ ವಿಮರ್ಶೆ

ಆ್ಯಪಲ್ ಕಂಪನಿ 2014ರಲ್ಲಿ ಸ್ವಿಫ್ಟ್ ಭಾಷೆಯನ್ನು ಹೊರತಂದ ಮೇಲೆ, ಐಫೋನ್ ಆ್ಯಪ್ ಬರೆಯಲು ಅದುವರೆಗೆ ಬಳಸುತ್ತಿದ್ದ ಆಬ್ಜೆಕ್ಟಿವ್-ಸಿ ಭಾಷೆಯ ಕಾಲ ಮುಗಿಯಿತೆಂದು ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ಅದಕ್ಕೂ ಮೊದಲು ಹುಟ್ಟಿ, ಇಂದಿಗೂ ಗಿರಾಕಿಗಳ ಫೋನಿನಲ್ಲಿ ಬದುಕಿರುವ ಆ್ಯಪ್‌ಗಳನ್ನು ಯಾರಾದರೂ ನೋಡಿಕೊಳ್ಳಲೇಬೇಕಲ್ಲ, ಹಾಗೆ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ನನ್ನ ಪಾಲಿಗೆ ಬಂದಿರುವುದು ಊಟ-ತಿಂಡಿ ತರಿಸಿಕೊಳ್ಳುವ ಒಂದು ಹಳೆಯ ಆ್ಯಪ್. ಅದಕ್ಕೆ ಬಂದ ದೂರುಗಳನ್ನು ಒಮ್ಮೆ ಕೂತು ವಿಂಗಡಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು: 'ನೆಟ್‌ವರ್ಕ್ ತೊಂದರೆ' ಎಂದು ದಾಖಲಾಗಿದ್ದ ದೂರುಗಳಲ್ಲಿ ಅನೇಕವು ನೆಟ್‌ವರ್ಕನ್ನು ಮುಟ್ಟಿಯೇ ಇರಲಿಲ್ಲ, ಅಥವಾ ತಪ್ಪು ವಿಳಾಸ ಹಿಡಿದು ಹೋಗಿ ಬರಿಗೈಲಿ ಹಿಂದಿರುಗಿದ್ದವು. ತಪ್ಪಿನ ಮೂಲವಿದ್ದದ್ದು ಸ್ಟ್ರಿಂಗ್‌ಗಳನ್ನು (ಅಕ್ಷರಗಳ ಸಾಲುಗಳನ್ನು) ಒಂದಕ್ಕೊಂದು ಅಂಟಿಸಿ ಯುಆರ್‌ಎಲ್ (ವೆಬ್ ವಿಳಾಸ) ಮಾಡುವ ನಾಲ್ಕಾರು ಸಾಲುಗಳಲ್ಲಿ. ಆದ್ದರಿಂದ ಆ ಕೆಲಸಕ್ಕೆಂದು ಆ್ಯಪಲ್‌ನ ಸಿದ್ಧ ಕೋಡ್ ಸಂಗ್ರಹವಾದ ಫೌಂಡೇಶನ್ ಚೌಕಟ್ಟು ಒದಗಿಸುವ ಎನ್‌ಎಸ್‌ಯುಆರ್‌ಎಲ್, ಎನ್‌ಎಸ್‌ಯುಆರ್‌ಎಲ್‌ಕಾಂಪೊನೆಂಟ್ಸ್ ಮತ್ತು ಎನ್‌ಎಸ್‌ಸ್ಟ್ರಿಂಗ್‌ನ ಎನ್‌ಕೋಡಿಂಗ್ ಮೆಥಡ್‌ಗಳನ್ನು (ವಿಳಾಸದಲ್ಲಿ ನೇರವಾಗಿ ಬರೆಯಲಾಗದ ಅಕ್ಷರಗಳನ್ನು % ಸಂಕೇತಗಳಾಗಿ ಬದಲಿಸುವ ಕೋಡ್ ಕಾರ್ಯಗಳನ್ನು), ಅಂಗಡಿಯಿಂದ ತಂದ ಸಾಮಾನನ್ನು ಒರೆಹಚ್ಚಿ ನೋಡುವಂತೆ, ಇಲ್ಲಿ ಪರಿಶೀಲಿಸಿದ್ದೇನೆ.

ಹೆಸರಿನ ಮುಂದಿರುವ 'ಎನ್‌ಎಸ್' ಎಂಬುದು ಈ ಚೌಕಟ್ಟಿನ ಪೂರ್ವಜವಾದ ನೆಕ್ಸ್ಟ್‌ಸ್ಟೆಪ್ ಎಂಬ ವ್ಯವಸ್ಥೆಯ ಕಾಲದ ಕುರುಹು. ಎನ್‌ಎಸ್‌ಯುಆರ್‌ಎಲ್ ಬಹುಕಾಲ ಅನುಸರಿಸಿದ್ದು 1994ರ ಆರ್‌ಎಫ್‌ಸಿ 1738 ಮತ್ತು 1995ರ ಆರ್‌ಎಫ್‌ಸಿ 1808 ಎಂಬ ಇಂಟರ್ನೆಟ್ ನಿಯಮಗಳನ್ನು. ಇವುಗಳ ಜಾಗಕ್ಕೆ 2005ರ ಜನವರಿಯಲ್ಲಿ ಆರ್‌ಎಫ್‌ಸಿ 3986 ಬಂದಿತ್ತು. 2013ರಲ್ಲಿ ಐಓಎಸ್ 7ರ ಜೊತೆಗೆ ಬಂದ ಕಾಂಪೊನೆಂಟ್ಸ್ ಕ್ಲಾಸು ಈ ಹೊಸ ನಿಯಮವನ್ನು ಪಾಲಿಸಿತು, ಹಳೆಯದು ಹಳೆಯದನ್ನೇ ಹಿಡಿದುಕೊಂಡಿತು. ಒಂದೇ ಮನೆಯಲ್ಲಿ ಎರಡು ಪಂಚಾಂಗ ಇಟ್ಟುಕೊಂಡ ಹಾಗೆ ಈ ಸ್ಥಿತಿ 2023ರ ಐಓಎಸ್ 17ರವರೆಗೂ ನಡೆಯಿತು.

ಎನ್‌ಎಸ್‌ಯುಆರ್‌ಎಲ್‌ನ 'ಯುಆರ್‌ಎಲ್‌ವಿತ್‌ಸ್ಟ್ರಿಂಗ್' ಮೆಥಡ್ ನೋಡಲು ಬಹಳ ಸರಳ. ಸ್ಟ್ರಿಂಗ್ ಕೊಟ್ಟರೆ ಯುಆರ್‌ಎಲ್ ವಸ್ತು ಸಿಗುತ್ತದೆ, ಸ್ಟ್ರಿಂಗ್ ನಿಯಮಕ್ಕೆ ಒಗ್ಗದಿದ್ದರೆ 'ಏನೂ ಇಲ್ಲ' ಎಂಬರ್ಥದ ನಿಲ್ ಸಿಗುತ್ತದೆ. ನಿಲ್ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆಬ್ಜೆಕ್ಟಿವ್-ಸಿಯಲ್ಲಿ ನಿಲ್‌ಗೆ ಯಾವ ಸಂದೇಶ ಕಳಿಸಿದರೂ ಅದು ಮಾತಿಲ್ಲದೆ ನುಂಗಿಕೊಳ್ಳುತ್ತದೆ. ಆ ನಿಲ್ ಅನ್ನೇ ಇಟ್ಟುಕೊಂಡು ಎನ್‌ಎಸ್‌ಯುಆರ್‌ಎಲ್‌ರಿಕ್ವೆಸ್ಟ್ (ಸರ್ವರ್‌ಗೆ ಕಳಿಸುವ ಕೋರಿಕೆ) ಕಟ್ಟಿದರೆ ಅದೂ ಕಟ್ಟಿಕೊಳ್ಳುತ್ತದೆ, ಕೋರಿಕೆ ಕಳಿಸುವ ಸೆಷನ್‌ಗೆ ಕೊಟ್ಟರೆ ಸೆಷನ್ ಅದನ್ನು ತೆಗೆದುಕೊಳ್ಳುತ್ತದೆ, ಕೊನೆಗೆ ಎಲ್ಲೋ ದೂರದ ಬ್ಲಾಕ್ (ಕೋಡ್ ತುಂಡು) ಒಂದರೊಳಗೆ -1002 ಎಂಬ ಸಂಖ್ಯೆಯೂ 'ಈ ಬಗೆಯ ಯುಆರ್‌ಎಲ್‌ಗೆ ಬೆಂಬಲವಿಲ್ಲ' ಎಂಬರ್ಥದ ಒಂದು ಸಾಲೂ ಬರುತ್ತವೆ. ಅಷ್ಟು ಹೊತ್ತಿಗೆ ಮೂಲ ಸ್ಟ್ರಿಂಗ್ ಕೈಬಿಟ್ಟು ಹೋಗಿರುತ್ತದೆ. ಸ್ಟ್ರಿಂಗ್‌ನ ಯಾವ ಸ್ಥಾನದಲ್ಲಿ ಯಾವ ಅಕ್ಷರ ಒಪ್ಪಿಗೆಯಾಗಲಿಲ್ಲ ಎಂಬುದನ್ನು ಈ ಮೆಥಡ್ ಯಾವ ಆವೃತ್ತಿಯಲ್ಲೂ ಹೇಳಿಲ್ಲ. ಎನ್‌ಎಸ್‌ಎರರ್ ಪಾಯಿಂಟರ್ ಒಂದನ್ನು ಇಸಿದುಕೊಂಡು ಕಾರಣ ತಿಳಿಸುವ ರೂಢಿ ಫೌಂಡೇಶನ್‌ನಲ್ಲಿ ಬೇರೆಡೆಯೆಲ್ಲ ಇರುವಾಗ ಇಲ್ಲಿ ಮಾತ್ರ ಅದನ್ನು ಏಕೆ ಪಾಲಿಸಲಿಲ್ಲವೋ, ಇದು ಈ ಸಲಕರಣೆಯ ಬಗ್ಗೆ ನನ್ನ ಮೊದಲ ಆಕ್ಷೇಪ.

ನಿಲ್ ಬಂದಾಗಲಾದರೂ ತಪ್ಪಾಗಿದೆಯೆಂದು ತಿಳಿಯುತ್ತದೆ. ನಿಲ್ ಬರದೆಯೂ ತಪ್ಪಿರುವ ಪ್ರಸಂಗಗಳು ಇನ್ನೂ ಕಷ್ಟದವು. ಮೊದಲಿಗೆ ಬರಬೇಕಾದ 'ಎಚ್‌ಟಿಟಿಪಿಎಸ್'ನಂಥ ಸ್ಕೀಮ್ ಮರೆತು ಬರಿಯ ಡೊಮೇನ್ ಹೆಸರಿನಿಂದ ಶುರುಮಾಡಿದ ಸ್ಟ್ರಿಂಗ್ ಸರಾಗವಾಗಿ ಯುಆರ್‌ಎಲ್ ಆಗುತ್ತದೆ, ಆದರೆ ಅದರ ಹೋಸ್ಟ್ (ಸರ್ವರ್ ಹೆಸರಿನ ಭಾಗ) ನಿಲ್ ಆಗಿದ್ದು ಡೊಮೇನ್ ಹೆಸರೆಲ್ಲ ಪಾತ್ (ಸರ್ವರ್ ಒಳಗಿನ ದಾರಿ) ಭಾಗದೊಳಗೆ ಕೂತಿರುತ್ತದೆ. 'ಲೋಕಲ್‌ಹೋಸ್ಟ್:8080' ಎಂದು ಕೊಟ್ಟರೆ ಲೋಕಲ್‌ಹೋಸ್ಟ್ ಎಂಬುದೇ ಸ್ಕೀಮ್ ಎಂದುಕೊಳ್ಳುತ್ತದೆ. ನಿಯಮದ ಪ್ರಕಾರ ಎರಡೂ ಸರಿಯೇ, ಬರೆದವನ ಉದ್ದೇಶದ ಪ್ರಕಾರ ಎರಡೂ ತಪ್ಪು.

ಇನ್ನು ಬಹುಮಂದಿ ವಿಳಾಸ ಕಟ್ಟಲು ಮೊದಲು ಕೈಹಾಕುವ 'ಸ್ಟ್ರಿಂಗ್‌ವಿತ್‌ಫಾರ್ಮ್ಯಾಟ್' ಮೆಥಡ್‌ಗೆ ಬರೋಣ. ವೆಬ್ ವಿಳಾಸದಲ್ಲಿ ಖಾಲಿ ಜಾಗವನ್ನು %20 ಎಂದು ಬರೆಯಬೇಕು. ಈ ಮೆಥಡ್‌ಗೆ ಅಚ್ಚಾಗಿ ಕೊಡುವ ಫಾರ್ಮ್ಯಾಟ್ ಸ್ಟ್ರಿಂಗ್‌ನಲ್ಲಿ % ಚಿಹ್ನೆಗೆ ಬೇರೆಯೇ ಅರ್ಥವಿದೆ: ಅದರ ಮುಂದಿನ ಅಂಕಿ ಅಗಲವನ್ನೂ, ಅಂಕಿಯ ಮುಂದಿನ ಅಕ್ಷರ ಅಲ್ಲಿ ಸೇರಿಸಬೇಕಾದ ಬೆಲೆಯ (ವ್ಯಾಲ್ಯೂ) ಬಗೆಯನ್ನೂ ಸೂಚಿಸುತ್ತದೆ. ಈ ಎರಡು ಅರ್ಥಗಳು ಡಿಕ್ಕಿ ಹೊಡೆಯುವುದನ್ನು ನೋಡಬೇಕೆಂದರೆ ನಮ್ಮ ದರ್ಶಿನಿಯ ತಿಂಡಿಪಟ್ಟಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇಂಗ್ಲಿಷ್ ಸಣ್ಣಕ್ಷರಗಳಲ್ಲಿ 'ಮಸಾಲಾ%20ದೋಸಾ' ಎಂದು ಫಾರ್ಮ್ಯಾಟ್ ಸ್ಟ್ರಿಂಗ್‌ನೊಳಗೆ ಬರೆದಿರಿ ಎಂದಿಟ್ಟುಕೊಳ್ಳಿ. %20ರ ಪಕ್ಕದಲ್ಲೇ ದೋಸೆಯ 'ಡಿ' ಅಕ್ಷರವಿದೆ, ಹಾಗಾಗಿ ಫಾರ್ಮ್ಯಾಟರ್ ಅದನ್ನು '20 ಅಕ್ಷರ ಅಗಲದಲ್ಲಿ ಒಂದು ಪೂರ್ಣಾಂಕವನ್ನು ಬರೆ' ಎಂಬ ಆಜ್ಞೆಯೆಂದು ಓದುತ್ತದೆ. 'ಮಸಾಲಾ' ಆದ ಮೇಲೆ ಸಾಲಾಗಿ ಖಾಲಿ ಜಾಗ, ಅದರ ಕೊನೆಯಲ್ಲಿ ಯಾವುದೋ ಕಸದ ಸಂಖ್ಯೆ, ಆಮೇಲೆ 'ಡಿ' ಕಳೆದುಕೊಂಡ ದೋಸೆ. ರವಾ ಇಡ್ಲಿ ಬರೆದರೂ ಇದೇ ಕತೆ, ಏಕೆಂದರೆ 'ಐ' ಎಂಬುದೂ ಪೂರ್ಣಾಂಕದ ಸಂಕೇತ. ಉಪ್ಪಿಟ್ಟಿನ 'ಯು' ಋಣಚಿಹ್ನೆಯಿಲ್ಲದ ಪೂರ್ಣಾಂಕ, ಫಿಲ್ಟರ್ ಕಾಫಿಯ 'ಸಿ' ಒಂದು ಅಕ್ಷರ, ಪೂರಿಯ 'ಪಿ' ಒಂದು ಪಾಯಿಂಟರ್. ಇಡ್ಲಿ ಸಾಂಬಾರ್ ಎಲ್ಲಕ್ಕಿಂತ ಅಪಾಯಕಾರಿ: ಸಾಂಬಾರಿನ 'ಎಸ್' ಎಂದರೆ ಸಿ ಭಾಷೆಯ ಸ್ಟ್ರಿಂಗ್, ಅಂದರೆ ಮೆಮೊರಿಯ ಯಾವುದೋ ವಿಳಾಸವನ್ನು ಹಿಡಿದು ಓದುತ್ತ ಹೋಗು ಎಂಬ ಆಜ್ಞೆ, ಆ್ಯಪ್ ಬಹುಮಟ್ಟಿಗೆ ಅಲ್ಲೇ ಕ್ರ್ಯಾಶ್ ಆಗುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದೇ ಫಾರ್ಮ್ಯಾಟ್‌ನಲ್ಲಿ ದೋಸೆಯ ನಂತರ '&ಊರು=%@' ಎಂದು ಇದ್ದರೆ (%@ ಎಂದರೆ ಇಲ್ಲಿ ಒಂದು ವಸ್ತುವಿನ ಪಠ್ಯವನ್ನು ಸೇರಿಸು ಎಂದರ್ಥ), ಊರಿನ ಹೆಸರೆಂದು ನೀವು ಕೊಟ್ಟ ಆರ್ಗ್ಯುಮೆಂಟನ್ನು ದೋಸೆ ಮೊದಲೇ ತಿಂದುಬಿಟ್ಟಿರುತ್ತದೆ. ಆಗ %@ ತನ್ನ ಪಾಲಿಗೆ ಏನೂ ಉಳಿಯದೆ ಸ್ಟ್ಯಾಕ್ ಎಂಬ ಮೆಮೊರಿ ಭಾಗದಲ್ಲಿ ಮುಂದೆ ಬಿದ್ದಿರುವುದನ್ನೇ ಒಂದು ವಸ್ತುವೆಂದು ನಂಬಿ ಅದಕ್ಕೆ ಸಂದೇಶ ಕಳಿಸುತ್ತದೆ. ಕ್ರ್ಯಾಶ್ ವರದಿಯಲ್ಲಿ ಕಾಣುವುದು ಊರಿನ ಹೆಸರನ್ನು ಸೇರಿಸುವ ಜಾಗ, ತಪ್ಪಿರುವುದು ತಿಂಡಿಯ ಹೆಸರಿನಲ್ಲಿ. ಫಾರ್ಮ್ಯಾಟ್ ನೇರವಾಗಿ ಕೋಡ್‌ನಲ್ಲೇ ಇದ್ದರೆ ಕ್ಲ್ಯಾಂಗ್ ಕಂಪೈಲರ್ ಎಚ್ಚರಿಕೆ ಕೊಡುತ್ತದೆ, ನೂರಾರು ಹಳದಿ ಎಚ್ಚರಿಕೆಗಳ ನಡುವೆ ಅದನ್ನು ಓದುವವರು ಯಾರೆಂಬುದು ಬೇರೆ ಮಾತು. ಫಾರ್ಮ್ಯಾಟ್ ಸರ್ವರ್‌ನಿಂದಲೋ ಸಂರಚನೆಯ ಕಡತದಿಂದಲೋ ಬಂದದ್ದಾದರೆ ಆ ಎಚ್ಚರಿಕೆಯೂ ಇಲ್ಲ. %%20 ಎಂದು ಎರಡು ಸಲ ಬರೆದರೆ ಸಮಸ್ಯೆ ಪರಿಹಾರವಾಗುತ್ತದೆಯೆಂಬುದು ನಿಜ, ಆದರೆ ಹಾಗೆ ಬರೆದ ಸ್ಟ್ರಿಂಗನ್ನು ಇನ್ನೊಬ್ಬರು ನಕಲು ಮಾಡಿ ಫಾರ್ಮ್ಯಾಟ್ ಇಲ್ಲದ ಕಡೆ ಹಾಕಿದ ದಿನ ಎರಡು % ಹಾಗೇ ಉಳಿದುಕೊಳ್ಳುತ್ತವೆ.

ಡಿಬಗ್ ಮಾಡಲು ಹೊರಟವರೂ ಇದೇ ಹೊಂಡದಲ್ಲಿ ಬೀಳುತ್ತಾರೆ. ಸರಿಯಾಗಿ ಎನ್‌ಕೋಡ್ ಆಗಿರುವ ವಿಳಾಸವನ್ನು ನೇರವಾಗಿ, ಲಾಗ್ ಮುದ್ರಿಸುವ ಎನ್‌ಎಸ್‌ಲಾಗ್‌ನ ಆವರಣದೊಳಗೆ ಇಟ್ಟರೆ ಎನ್‌ಎಸ್‌ಲಾಗ್ ಅದನ್ನು ಫಾರ್ಮ್ಯಾಟ್ ಎಂದೇ ಓದಿ ಕೆಡಿಸಿ ತೋರಿಸುತ್ತದೆ. ವಿಳಾಸ ಸರಿಯಿದ್ದು ಲಾಗ್ ಮಾತ್ರ ತಪ್ಪಿರುವ ಈ ಸ್ಥಿತಿಯಲ್ಲಿ ನಾನು ಒಂದು ಇಡೀ ಮಧ್ಯಾಹ್ನವನ್ನು ಇಲ್ಲದ ದೋಷ ಹುಡುಕುತ್ತ ಕಳೆದಿದ್ದೇನೆ. %@ ಎಂಬ ಫಾರ್ಮ್ಯಾಟ್ ಕೊಟ್ಟು, ವಿಳಾಸವನ್ನು ಎರಡನೆಯ ಆರ್ಗ್ಯುಮೆಂಟ್ ಆಗಿ ಕೊಡುವುದೊಂದೇ ದಾರಿ.

ಎನ್‌ಕೋಡ್ ಮಾಡುವ ಮೆಥಡ್‌ಗಳ ಪೈಕಿ ಹಳೆಯ ಕೋಡ್‌ನಲ್ಲೆಲ್ಲ ಕಾಣುವುದು 'ಸ್ಟ್ರಿಂಗ್‌ಬೈಆ್ಯಡಿಂಗ್‌ಪರ್ಸೆಂಟ್‌ಎಸ್ಕೇಪ್ಸ್‌ಯೂಸಿಂಗ್‌ಎನ್‌ಕೋಡಿಂಗ್'. ಇದನ್ನು 2015ರಲ್ಲಿ, ಐಓಎಸ್ 9ರ ಹೊತ್ತಿಗೆ, ಬಳಕೆಯಿಂದ ಕೈಬಿಡಬೇಕಾದದ್ದೆಂದು ಗುರುತಿಸಲಾಯಿತು. ಇದರ ಬದಲಿಗೆ ಬಂದ ಮೆಥಡ್ ಯಾವ ಅಕ್ಷರಗಳನ್ನು ಹಾಗೇ ಬಿಡಬೇಕೆಂಬ ಪಟ್ಟಿಯನ್ನು ನಮ್ಮಿಂದಲೇ ಕೇಳುತ್ತದೆ, ಪಾತ್‌ಗೆ ಒಂದು, ಕ್ವೆರಿಗೆ (ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗಕ್ಕೆ) ಒಂದು, ಹೋಸ್ಟ್‌ಗೆ ಒಂದು ಎಂದು ಸಿದ್ಧಪಟ್ಟಿಗಳನ್ನೂ ಕೊಡುತ್ತದೆ. ವಿನ್ಯಾಸ ಒಳ್ಳೆಯದೇ, ಹೆಸರು ಮಾತ್ರ ದಾರಿ ತಪ್ಪಿಸುತ್ತದೆ. ಕ್ವೆರಿಯ ಪಟ್ಟಿ ಇಡೀ ಕ್ವೆರಿ ಭಾಗಕ್ಕೆ ಸಂಬಂಧಿಸಿದ್ದು, ಅದರೊಳಗಿನ ಒಂದೊಂದು ಬೆಲೆಗಲ್ಲ. ಆದ್ದರಿಂದ & ಮತ್ತು = ಚಿಹ್ನೆಗಳು ಅದರಲ್ಲಿ ಒಪ್ಪಿತ ಅಕ್ಷರಗಳಾಗಿವೆ. 'ಇಡ್ಲಿ & ವಡೆ' ಎಂದು ಗಿರಾಕಿ ಬರೆದರೆ ಖಾಲಿ ಜಾಗಗಳು %20 ಆಗುತ್ತವೆ, & ಹಾಗೇ ಉಳಿಯುತ್ತದೆ, ಸರ್ವರ್‌ಗೆ ಇಡ್ಲಿ ಮಾತ್ರ ತಲುಪಿ ವಡೆ ಬೆಲೆಯಿಲ್ಲದ ಬೇರೊಂದು ನಿಯತಾಂಕವಾಗಿ ಕಳೆದುಹೋಗುತ್ತದೆ. ಒಮ್ಮೆ ಎನ್‌ಕೋಡ್ ಆದದ್ದನ್ನು ಮತ್ತೊಮ್ಮೆ ಮಾಡಿದರೆ %20 ಎಂಬುದು %2520 ಆಗುತ್ತದೆ. ಲಾಗ್‌ನಲ್ಲಿ 25 ಎಂಬ ಅಂಕಿ ಕಂಡರೆ ಇಬ್ಬರು ಒಂದೇ ಕೆಲಸ ಮಾಡಿದ್ದಾರೆಂದು ತಿಳಿಯಬೇಕು.

ಈ ಎಲ್ಲ ಕೂಲಿಯಿಂದ ಬಿಡುಗಡೆ ಕೊಡುವುದು ಎನ್‌ಎಸ್‌ಯುಆರ್‌ಎಲ್‌ಕಾಂಪೊನೆಂಟ್ಸ್, ಮತ್ತು 2014ರ ಐಓಎಸ್ 8ರಲ್ಲಿ ಅದರ ಜೊತೆಗೂಡಿದ ಎನ್‌ಎಸ್‌ಯುಆರ್‌ಎಲ್‌ಕ್ವೆರಿಐಟಮ್. ಇಲ್ಲಿ ಸ್ಕೀಮ್, ಹೋಸ್ಟ್, ಪಾತ್ ಒಂದೊಂದನ್ನೂ ಬೇರೆಬೇರೆಯಾಗಿ ಇಡುತ್ತೇವೆ, ಕ್ವೆರಿಯನ್ನು ಹೆಸರು-ಬೆಲೆಯ ಜೋಡಿಗಳಾಗಿ ಕೊಡುತ್ತೇವೆ, ಎನ್‌ಕೋಡ್ ಮಾಡುವ ಹೊಣೆ ಅದರದು. 'ಇಡ್ಲಿ & ವಡೆ' ಇಲ್ಲಿ ಇಡಿಯಾಗಿ ತಲುಪುತ್ತದೆ. ಸಿದ್ಧವಾದ ವಿಳಾಸವನ್ನು ಬಿಡಿಸಿ ನೋಡಲೂ ಇದೇ ಕ್ಲಾಸು ಸಾಕು. ವಿಳಾಸವೆಂಬುದು ಉದ್ದನೆಯ ಒಂದು ದಾರವಲ್ಲ, ಒಂದೊಂದಕ್ಕೂ ತನ್ನದೇ ನಿಯಮವಿರುವ ಆರೇಳು ಖಾನೆಗಳ ಪೆಟ್ಟಿಗೆ ಎಂಬ ತಿಳಿವಳಿಕೆಯ ಮೇಲೆ ಕಟ್ಟಿದ ಸಲಕರಣೆ ಇದೊಂದೇ ಆದ್ದರಿಂದ, ಯಾವುದನ್ನು ಬಳಸಬೇಕೆಂದು ಕೇಳಿದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ.

ಇದಕ್ಕೂ ಕೆಲವು ಹಟಗಳಿವೆ. ಹೋಸ್ಟ್ ಇಟ್ಟ ಮೇಲೆ ಪಾತ್ ಓರೆಗೆರೆಯಿಂದ ಶುರುವಾಗದಿದ್ದರೆ ಕೊನೆಯಲ್ಲಿ ಯುಆರ್‌ಎಲ್ ಕೇಳಿದಾಗ ನಿಲ್ ಸಿಗುತ್ತದೆ, ಕಾರಣ ಇಲ್ಲೂ ಹೇಳುವುದಿಲ್ಲ. ಕ್ವೆರಿಯ ಜೋಡಿಗಳೆಂದು ಖಾಲಿ ಅರೇ (ಪಟ್ಟಿ) ಕೊಟ್ಟರೆ ವಿಳಾಸದ ತುದಿಯಲ್ಲಿ ಒಂಟಿ ಪ್ರಶ್ನಾರ್ಥಕ ಚಿಹ್ನೆ ನಿಲ್ಲುತ್ತದೆ, ಅದು ಬೇಡವಾದರೆ ನಿಲ್ ಕೊಡಬೇಕು. ಬೆಲೆಯ ಜಾಗದಲ್ಲಿ ನಿಲ್ ಇಟ್ಟರೆ ಬರಿಯ ಹೆಸರು, ಖಾಲಿ ಸ್ಟ್ರಿಂಗ್ ಇಟ್ಟರೆ ಹೆಸರಿನ ಮುಂದೆ = ಚಿಹ್ನೆ ಬರುತ್ತದೆ, ಕೆಲವು ಸರ್ವರ್‌ಗಳು ಇವೆರಡನ್ನು ಬೇರೆಬೇರೆಯಾಗಿ ಕಾಣುತ್ತವೆ. ಈಗಾಗಲೇ ಎನ್‌ಕೋಡ್ ಆದ ಭಾಗಗಳನ್ನು ಒಪ್ಪಿಸುವ 'ಪರ್ಸೆಂಟ್‌ಎನ್‌ಕೋಡೆಡ್' ಎಂದು ಶುರುವಾಗುವ ಗುಣಗಳಿಗೆ (ಪ್ರಾಪರ್ಟಿಗಳಿಗೆ) ತಪ್ಪಾದದ್ದನ್ನು ಕೊಟ್ಟರೆ ಎಕ್ಸೆಪ್ಶನ್ ಎಸೆದು ಆ್ಯಪನ್ನೇ ನಿಲ್ಲಿಸುತ್ತದೆ. ಮೌನವಾಗಿ ನಿಲ್ ಕೊಡುವ ಗುಣವೂ ಕಿರುಚಿ ಸಾಯುವ ಗುಣವೂ ಒಂದೇ ಕ್ಲಾಸಿನಲ್ಲಿ ಏಕಿರಬೇಕೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ, ಆದರೂ ಆಯ್ಕೆ ಕೊಟ್ಟರೆ ನಾನು ಕಿರುಚುವುದನ್ನೇ ಆರಿಸಿಕೊಳ್ಳುತ್ತೇನೆ.

ಕಾಂಪೊನೆಂಟ್ಸ್‌ನ ನಿಜವಾದ ಕೊರತೆಯಿರುವುದು ಕೂಡು ಚಿಹ್ನೆಯಲ್ಲಿ, ಭಾರತದ ಫೋನ್ ಸಂಖ್ಯೆ ಬಳಸುವ ಪ್ರತಿಯೊಂದು ಆ್ಯಪೂ ಒಂದಲ್ಲ ಒಂದು ದಿನ ಅದಕ್ಕೆ ಬೆಲೆ ತೆರುತ್ತದೆ. ಆರ್‌ಎಫ್‌ಸಿ 3986ರ ಪ್ರಕಾರ ಕ್ವೆರಿಯಲ್ಲಿ + ಇರಬಹುದು, ಆದ್ದರಿಂದ ಕ್ವೆರಿಐಟಮ್ ಅದನ್ನು ಎನ್‌ಕೋಡ್ ಮಾಡದೆ ಬಿಡುತ್ತದೆ. ವೆಬ್ ಫಾರ್ಮ್‌ಗಳ ಹಳೆಯ ರೂಢಿಯಲ್ಲಿ + ಎಂದರೆ ಖಾಲಿ ಜಾಗ, ಬಹಳಷ್ಟು ಸರ್ವರ್‌ಗಳು ಅದೇ ರೂಢಿಯಲ್ಲಿ ಬಿಡಿಸಿ ಓದುತ್ತವೆ. ನಾವು ಕಳಿಸಿದ್ದು +91ರಿಂದ ಶುರುವಾಗುವ ಸಂಖ್ಯೆ, ಆ ಕಡೆ ಬಂದದ್ದು ಒಂದು ಖಾಲಿ ಜಾಗ ಮತ್ತು 91. ನಮ್ಮ ಆ್ಯಪ್‌ನಲ್ಲಿ ಓಟಿಪಿ ಬರುತ್ತಿಲ್ಲವೆಂಬ ದೂರುಗಳು ಹೊಸ ಆವೃತ್ತಿಯ ನಂತರ ಏಕಾಏಕಿ ಹೆಚ್ಚಾದಾಗ, ಎಸ್‌ಎಂಎಸ್ ಕಳಿಸುವ ಸೇವೆಯವರನ್ನು ನಾವು ದೂರಿದೆವು, ಅವರು ನಮ್ಮನ್ನು ದೂರಿದರು. ಕೊನೆಗೆ ನೋಡಿದರೆ ಹಳೆಯ ಕೋಡ್‌ನಲ್ಲಿ ಯಾರೋ ಪುಣ್ಯಾತ್ಮರು ಕೂಡು ಚಿಹ್ನೆಯನ್ನು ಕೈಯಾರೆ %2ಬಿ ಮಾಡುತ್ತಿದ್ದ ಸಾಲೊಂದನ್ನು, ಇನ್ನು ಕಾಂಪೊನೆಂಟ್ಸ್ ಇದೆಯಲ್ಲ ಎಂಬ ಧೈರ್ಯದಲ್ಲಿ, ನಾನೇ ಅಳಿಸಿಹಾಕಿದ್ದೆ.

ಫೋನ್ ಸಂಖ್ಯೆಯಾದರೆ ಪ್ರತಿ ಸಲವೂ ತಪ್ಪುತ್ತದೆ, ಹಾಗಾಗಿ ಬೇಗ ಸಿಕ್ಕಿಬೀಳುತ್ತದೆ. ಡಿಜಿಟಲ್ ಸಹಿಯನ್ನು ಕ್ವೆರಿಯಲ್ಲಿ ಕಳಿಸುವವರ ಪಾಡು ಇದಕ್ಕಿಂತ ಕೆಟ್ಟದ್ದು. 32 ಬೈಟ್‌ಗಳ ಒಂದು ಸಹಿ ಬೇಸ್64 ಎಂಬ ಅಕ್ಷರ ರೂಪದಲ್ಲಿ 44 ಅಕ್ಷರಗಳಾಗುತ್ತದೆ, ಬೇಸ್64ರ 64 ಅಕ್ಷರಗಳಲ್ಲಿ + ಕೂಡ ಒಂದು. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅರ್ಧದಷ್ಟು ಸಹಿಗಳಲ್ಲಿ ಒಂದಾದರೂ ಕೂಡು ಚಿಹ್ನೆ ಇದ್ದೇ ಇರುತ್ತದೆ. ಅಂದರೆ ಅದೇ ಕೋಡ್ ಒಂದು ಸಲ ನಡೆಯುತ್ತದೆ, ಇನ್ನೊಂದು ಸಲ ಸಹಿ ಹೊಂದುತ್ತಿಲ್ಲ ಎನ್ನುತ್ತದೆ, ಮತ್ತೆ ಪ್ರಯತ್ನಿಸಿದರೆ ನಡೆದರೂ ನಡೆಯುತ್ತದೆ. ಸರ್ವರ್ ಗಡಿಯಾರ, ಕ್ಯಾಶ್, ಲೋಡ್ ಬ್ಯಾಲೆನ್ಸರ್ ಎಂದು ಊರೆಲ್ಲ ಸುತ್ತಿ ಬಂದ ಮೇಲೆ ಮನೆ ಬಾಗಿಲಲ್ಲೇ ಕಳ್ಳ ಸಿಗುತ್ತಾನೆ. ಪರಿಹಾರ ಚಿಕ್ಕದು. ಕ್ವೆರಿಐಟಮ್‌ಗಳನ್ನು ಇಟ್ಟಾದ ಮೇಲೆ 'ಪರ್ಸೆಂಟ್‌ಎನ್‌ಕೋಡೆಡ್‌ಕ್ವೆರಿ'ಯನ್ನು ತೆಗೆದುಕೊಂಡು ಅದರಲ್ಲಿರುವ ಎಲ್ಲ + ಚಿಹ್ನೆಗಳನ್ನೂ %2ಬಿ ಮಾಡಿ ವಾಪಸ್ ಇಡಬೇಕು. ಖಾಲಿ ಜಾಗಗಳು ಅಷ್ಟರಲ್ಲಿ %20 ಆಗಿರುವುದರಿಂದ ಉಳಿದ ಪ್ರತಿಯೊಂದು ಕೂಡು ಚಿಹ್ನೆಯೂ ಬರೆದವನು ಉದ್ದೇಶಪಟ್ಟು ಬರೆದದ್ದೇ ಆಗಿರುತ್ತದೆ. ಆ್ಯಪಲ್‌ನ ದಸ್ತಾವೇಜಿನಲ್ಲಿ ಈ ವಿಷಯದ ಬಗ್ಗೆ ಟಿಪ್ಪಣಿಯಿದೆ; ಟಿಪ್ಪಣಿಯ ಬದಲು ಒಂದು ಪ್ರಾಪರ್ಟಿಯನ್ನೇ ಕೊಟ್ಟಿದ್ದರೆ ಎಷ್ಟೋ ಮಂದಿಯ ರಾತ್ರಿನಿದ್ದೆ ಉಳಿಯುತ್ತಿತ್ತು.

ಕನ್ನಡ ಪಠ್ಯವನ್ನು ವಿಳಾಸದಲ್ಲಿ ಸಾಗಿಸುವ ವಿಚಾರಕ್ಕೆ ಬಂದರೆ ಸಲಕರಣೆ ನಂಬಿಕೆಗೆ ಅರ್ಹವಾಗಿದೆ, ನಾವು ಕೊಡುವ ಪಠ್ಯ ಅಷ್ಟು ನಂಬಿಕೆಗೆ ಅರ್ಹವಲ್ಲ. ಕನ್ನಡದ ಪ್ರತಿಯೊಂದು ಯೂನಿಕೋಡ್ ಸಂಕೇತ ಯುಟಿಎಫ್-8 ಎಂಬ ಬೈಟ್ ರೂಪದಲ್ಲಿ ಮೂರು ಬೈಟ್ ಹಿಡಿಯುತ್ತದೆ, ಪ್ರತಿ ಬೈಟ್ ವಿಳಾಸದಲ್ಲಿ % ಸೇರಿ ಮೂರು ಅಕ್ಷರಗಳಾಗುತ್ತದೆ. 'ಬೆಂಗಳೂರು' ಎಂಬ ಪದದಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ ಎಲ್ಲ ಸೇರಿ 8 ಸಂಕೇತಗಳಿವೆ, ವಿಳಾಸದೊಳಗೆ ಅದು 72 ಅಕ್ಷರಗಳ ಸಾಲಾಗುತ್ತದೆ. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿದವರೆಲ್ಲ ಈ ಉದ್ದನೆಯ ಬಾಲವನ್ನು ಕಂಡಿದ್ದಾರೆ. ಉದ್ದವಾದದ್ದೇ ದೋಷವಲ್ಲ. ತೊಂದರೆಯಾಗುವುದು ಕಣ್ಣಿಗೆ ಒಂದೇ ಆಗಿರುವ ಪದ ಒಳಗೆ ಎರಡಾಗಿರುವಾಗ. 'ಮೈಸೂರು' ತೆಗೆದುಕೊಳ್ಳಿ. ಅದರ ಐತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಅದರ ಕೆಳಗಿನ ಐತ್ವದ ಬಾಲ ಎಂದು ಎರಡು ಸಂಕೇತಗಳಾಗಿಯೂ ಬಿಡಿಸಿಡಬಹುದು. ಮೊದಲನೆಯದರಲ್ಲಿ ವಿಳಾಸದ ಭಾಗ 54 ಅಕ್ಷರ, ಎರಡನೆಯದರಲ್ಲಿ 63. ತೆರೆಯ ಮೇಲೆ ಕಿಂಚಿತ್ತೂ ವ್ಯತ್ಯಾಸ ಕಾಣುವುದಿಲ್ಲ, ಸರ್ವರ್‌ಗೆ ಮಾತ್ರ ಅವು ಎರಡು ಊರು. ಕಡತದ ಹೆಸರಿನಿಂದ ತೆಗೆದ ಪಠ್ಯ ಹೀಗೆ ಬಿಡಿಸಿದ ರೂಪದಲ್ಲಿ ಬರುವ ಸಂಭವವಿದೆ. ಎನ್‌ಎಸ್‌ಸ್ಟ್ರಿಂಗ್‌ನ 'ಪ್ರಿಕಂಪೋಸ್ಡ್‌ಸ್ಟ್ರಿಂಗ್‌ವಿತ್‌ಕ್ಯಾನಾನಿಕಲ್‌ಮ್ಯಾಪಿಂಗ್' ಎಂಬ ಉದ್ದ ಹೆಸರಿನ ಮೆಥಡ್ ಇದನ್ನು ಕೂಡಿಸಿ ಒಂದುಮಾಡುತ್ತದೆ, ಎನ್‌ಕೋಡ್ ಮಾಡುವ ಮೊದಲು ಇದನ್ನು ಕರೆಯುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಇದಕ್ಕಿಂತಲೂ ಕಾಣದ ಶತ್ರು ಎಂದರೆ ಶೂನ್ಯ ಅಗಲದ ವಿಭಾಜಕ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ ಅಕ್ಷರಕ್ಕೆ ಕ ಒತ್ತಾಗಿ ಅಂಟದಿರಲಿ ಎಂದು ನಡುವೆ ಸೇರಿಸುವ ಈ ಸಂಕೇತಕ್ಕೆ ಯೂನಿಕೋಡ್‌ನಲ್ಲಿ 200ಸಿ ಎಂಬ ಸಂಖ್ಯೆಯಿದೆ, ವಿಳಾಸದಲ್ಲಿ ಅದು %ಇ2%80%8ಸಿ ಆಗುತ್ತದೆ. ಕೆಲವು ಕೀಲಿಮಣೆಗಳಲ್ಲಿ ಟೈಪ್ ಮಾಡಿದ ಪದಗಳ ಕೊನೆಯಲ್ಲೂ ಇದು ಉಳಿದುಬಿಡುತ್ತದೆ. ಹುಡುಕಾಟದ ಪೆಟ್ಟಿಗೆಯಲ್ಲಿ ಏನೂ ಹೆಚ್ಚುವರಿಯಾಗಿ ಕಾಣುವುದಿಲ್ಲ, ಫಲಿತಾಂಶ ಮಾತ್ರ ಶೂನ್ಯ. ಹಾಗೆಂದು ವಿಳಾಸ ಕಟ್ಟುವ ಕಡೆ ಇದನ್ನು ಕುರುಡಾಗಿ ಕಿತ್ತುಹಾಕಬಾರದು, ಏಕೆಂದರೆ ಪದದ ನಡುವೆ ಇರುವಾಗ ಅದು ಕನ್ನಡದ ಬರವಣಿಗೆಯ ಭಾಗವೇ ಆಗಿದೆ. ಹುಡುಕಾಟದ ಸೂಚಿಯನ್ನು ತಯಾರಿಸುವ ಸರ್ವರ್ ಎರಡು ರೂಪಗಳನ್ನೂ ಸಮ ಮಾಡಿಕೊಳ್ಳುವುದು ನ್ಯಾಯ.

ಇದನ್ನು ಪತ್ತೆ ಹಚ್ಚುವ ಒಂದು ಉಪಾಯವನ್ನು ಹೇಳಲೇಬೇಕು. ಎಲ್‌ಎಲ್‌ಡಿಬಿ ಎಂಬ ಡಿಬಗರ್‌ನಲ್ಲಿ, ವಸ್ತುವನ್ನು ಮುದ್ರಿಸುವ ಪಿಓ ಆಜ್ಞೆ ಕೊಟ್ಟು ಸ್ಟ್ರಿಂಗನ್ನು ನೋಡಿದರೆ ಅದು ಕನ್ನಡದಲ್ಲೇ ಚೆಂದವಾಗಿ ಕಾಣುತ್ತದೆ, ಏನೂ ತಿಳಿಯುವುದಿಲ್ಲ. ಅದೇ ಸ್ಟ್ರಿಂಗನ್ನು ಒಂದು ಅರೇ ಒಳಗಿಟ್ಟು ಪಿಓ ಮಾಡಿದರೆ, ಅರೇ ತನ್ನೊಳಗಿನ ಕನ್ನಡ ಅಕ್ಷರಗಳನ್ನೆಲ್ಲ ಯೂನಿಕೋಡ್ ಸಂಖ್ಯೆಗಳಾಗಿ ಮುದ್ರಿಸುತ್ತದೆ. ಲಾಗ್‌ನಲ್ಲಿ ಕನ್ನಡ ಹೀಗೆ ಹಾಳಾಗಿ ಕಾಣುತ್ತದೆಂದು ವರ್ಷಗಟ್ಟಲೆ ಬೈದುಕೊಂಡವನು ನಾನು. ಈಗ ಅದೇ ನನಗೆ ಭೂತಗನ್ನಡಿ: 200ಸಿ ಎಲ್ಲಿ ಅಡಗಿದೆ, ಐತ್ವ ಒಂದೋ ಎರಡೋ ಎಂಬುದೆಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ.

ಪಾತ್‌ಗಳನ್ನು ಜೋಡಿಸುವ ಮೆಥಡ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 'ಸ್ಟ್ರಿಂಗ್‌ಬೈಅಪೆಂಡಿಂಗ್‌ಪಾತ್‌ಕಾಂಪೊನೆಂಟ್' ಇರುವುದು ಕಡತದ ದಾರಿಗಳಿಗೆ, ಅದನ್ನು ವೆಬ್ ವಿಳಾಸದ ಸ್ಟ್ರಿಂಗ್ ಮೇಲೆ ಪ್ರಯೋಗಿಸಿದರೆ ಸ್ಕೀಮ್‌ನ ಮುಂದಿರುವ ಎರಡು ಓರೆಗೆರೆಗಳನ್ನು ಒಂದು ಮಾಡಿಬಿಡುತ್ತದೆ. ಯುಆರ್‌ಎಲ್ ವಸ್ತುವಿನ ಮೇಲಿರುವ ಅದರ ಜೋಡಿ ಮೆಥಡ್ ಸುರಕ್ಷಿತ, ಆದರೆ ಪಾತ್ ಜೊತೆಗೆ ಪ್ರಶ್ನಾರ್ಥಕ ಚಿಹ್ನೆಯನ್ನೂ ಕ್ವೆರಿಯನ್ನೂ ಸೇರಿಸಿ ಕೊಟ್ಟರೆ ಆ ಚಿಹ್ನೆ %3ಎಫ್ ಆಗಿ ಸರ್ವರ್ 404 (ಸಿಗಲಿಲ್ಲ) ಎನ್ನುತ್ತದೆ. ಮೂಲ ವಿಳಾಸಕ್ಕೆ ಹೋಲಿಸಿ ಕಟ್ಟುವ 'ರಿಲೇಟಿವ್‌ಟುಯುಆರ್‌ಎಲ್' ಮೆಥಡ್‌ನಲ್ಲಿ ಮೂಲದ ತುದಿಯ ಓರೆಗೆರೆ ಎಲ್ಲವನ್ನೂ ನಿರ್ಧರಿಸುತ್ತದೆ: 'ವಿ1' ಎಂದು ಮುಗಿದರೆ ಹೊಸ ಭಾಗ ವಿ1ರ ಜಾಗದಲ್ಲೇ ಬಂದು ಕೂರುತ್ತದೆ, 'ವಿ1/' ಎಂದು ಮುಗಿದರೆ ಅದರ ಮುಂದೆ ಸೇರುತ್ತದೆ. ಹೀಗೆ ಕಟ್ಟಿದ ಯುಆರ್‌ಎಲ್ ತನ್ನ ಮೂಲವನ್ನು ನೆನಪಿಟ್ಟುಕೊಳ್ಳುವುದರಿಂದ, ಪೂರ್ಣ ಸ್ಟ್ರಿಂಗ್ ಒಂದೇ ಆಗಿದ್ದರೂ ನೇರವಾಗಿ ಕಟ್ಟಿದ ಯುಆರ್‌ಎಲ್‌ಗೆ ಇದು ಸಮವಲ್ಲವೆಂದು 'ಈಸ್‌ಈಕ್ವಲ್' ಹೇಳುತ್ತದೆ. ಕ್ಯಾಶ್‌ನ ಕೀಲಿಯಾಗಿ ಬಳಸುವವರು 'ಆ್ಯಬ್ಸಲೂಟ್‌ಯುಆರ್‌ಎಲ್' ಪಡೆದು ಬಳಸುವುದು ಒಳ್ಳೆಯದು. ಸರ್ವರ್ ಉತ್ತರ ಕಳಿಸುವ ಜೇಸನ್ ರೂಪದಲ್ಲಿ ಬಂದ ಖಾಲಿ ಬೆಲೆ ನಿಲ್ ಅಲ್ಲ, ಎನ್‌ಎಸ್‌ನಲ್ ಎಂಬ ವಸ್ತು, ಅದನ್ನು ಸ್ಟ್ರಿಂಗ್ ಎಂದು ನಂಬಿ ಕೊಟ್ಟರೆ 'ಲೆಂತ್' ಎಂಬ ಸೆಲೆಕ್ಟರ್ ಗುರುತಿಲ್ಲವೆಂದು ಕ್ರ್ಯಾಶ್ ಆಗುತ್ತದೆ, ಆ ಸಂದೇಶ ಕಂಡ ಕೂಡಲೆ ಸರ್ವರ್ ಉತ್ತರವನ್ನು ನೋಡಬೇಕು.

2023ರ ಬದಲಾವಣೆಯ ಬಗ್ಗೆ ನನಗೆ ಎರಡು ಮನಸ್ಸಿದೆ. ಐಓಎಸ್ 17 ಅಥವಾ ನಂತರದ ಎಸ್‌ಡಿಕೆ (ಆ್ಯಪ್ ಕಟ್ಟುವ ಪರಿಕರಗಳ ಗುಂಪು) ಬಳಸಿ ಕಟ್ಟಿದ ಆ್ಯಪ್‌ಗಳಲ್ಲಿ ಎನ್‌ಎಸ್‌ಯುಆರ್‌ಎಲ್ ಕೂಡ ಆರ್‌ಎಫ್‌ಸಿ 3986ನ್ನೇ ಅನುಸರಿಸುತ್ತದೆ, ಒಪ್ಪಿಗೆಯಿಲ್ಲದ ಅಕ್ಷರ ಕಂಡರೆ ನಿಲ್ ಕೊಡುವ ಬದಲು ತಾನೇ ಎನ್‌ಕೋಡ್ ಮಾಡಿಕೊಳ್ಳುತ್ತದೆ, ಕನ್ನಡ ಲಿಪಿಯಲ್ಲಿ '.ಭಾರತ' ಎಂದು ಮುಗಿಯುವ ಡೊಮೇನ್ ಹೆಸರನ್ನೂ ಅದರ ನಿಯಮದಂತೆ ಬದಲಿಸಿಕೊಳ್ಳುತ್ತದೆ. ಎರಡು ಪಂಚಾಂಗ ಒಂದಾದದ್ದು ಸಂತೋಷ. ಆದರೆ ಸ್ಟ್ರಿಂಗ್‌ನ ತುದಿಯಲ್ಲಿ ಕಡತದಿಂದ ಬಂದ ಹೊಸಸಾಲಿನ ಸಂಕೇತ ಉಳಿದಿದ್ದರೆ ಮೊದಲು ನಿಲ್ ಸಿಗುತ್ತಿತ್ತು, ಈಗ ತುದಿಯಲ್ಲಿ %0ಎ ಅಂಟಿಕೊಂಡ ವಿಳಾಸ ಸಿಗುತ್ತದೆ. ಮನೆಯಲ್ಲೇ ಸಿಗುತ್ತಿದ್ದ ತಪ್ಪು ಸರ್ವರ್‌ವರೆಗೆ ಹೋಗಿ 404 ಆಗಿ ಹಿಂದಿರುಗುತ್ತದೆ. ದೋಸೆಯ ಕಸದ ಸಂಖ್ಯೆಯೂ ಅದರ ಮುಂದಿನ ಖಾಲಿ ಜಾಗಗಳೂ ಈಗ ಸಾಲುಸಾಲು %20 ಆಗಿ ಗಂಭೀರವಾಗಿ ಪ್ರಯಾಣ ಮಾಡುತ್ತವೆ. ಮೇಲಾಗಿ ಈ ಉದಾರತೆ ಫೋನಿನ ಐಓಎಸ್ ಆವೃತ್ತಿಯನ್ನೂ ಅವಲಂಬಿಸಿದೆ, ಹಾಗಾಗಿ ಒಂದೇ ಆ್ಯಪ್ ಐಓಎಸ್ 16 ಇರುವ ಫೋನಿನಲ್ಲಿ ನಿಲ್ ಪಡೆದು, 17 ಇರುವ ಫೋನಿನಲ್ಲಿ ಯುಆರ್‌ಎಲ್ ಪಡೆಯುತ್ತದೆ. ಪರೀಕ್ಷೆ ಮಾಡುವವರ ಕೈಯಲ್ಲಿ ಹೊಸ ಫೋನ್, ಗಿರಾಕಿಯ ಕೈಯಲ್ಲಿ ಹಳೆಯದು ಎಂಬುದು ನಮ್ಮಲ್ಲಿ ಸಾಮಾನ್ಯ ಸಂಗತಿ. ಹಳೆಯ ಕಟ್ಟುನಿಟ್ಟು ಬೇಕೆಂದವರಿಗಾಗಿ 'ಎನ್‌ಕೋಡಿಂಗ್‌ಇನ್‌ವ್ಯಾಲಿಡ್‌ಕ್ಯಾರೆಕ್ಟರ್ಸ್' ಎಂಬ ಎರಡನೆಯ ಆರ್ಗ್ಯುಮೆಂಟ್ ಇರುವ ಮೆಥಡ್ ಸೇರಿಸಿದ್ದಾರೆ, ಅದಕ್ಕೆ 'ನೋ' ಎಂದು ಕೊಟ್ಟರೆ ಮತ್ತೆ ನಿಲ್ ಸಿಗುತ್ತದೆ. ಅಭಿವೃದ್ಧಿಯ ಬಿಲ್ಡ್‌ನಲ್ಲಿ ನಾನು ಅದನ್ನೇ ಬಳಸುತ್ತೇನೆ.

ಈಗ ನಮ್ಮ ಆ್ಯಪ್‌ನಲ್ಲಿ ಎಲ್ಲ ವಿಳಾಸಗಳೂ ಒಂದೇ ಕ್ಯಾಟಗರಿ ಮೆಥಡ್ (ಇರುವ ಕ್ಲಾಸಿಗೆ ನಾವೇ ಸೇರಿಸಿದ ಮೆಥಡ್) ಮೂಲಕ ಹೋಗುತ್ತವೆ. ಅದು ಕಾಂಪೊನೆಂಟ್ಸ್ ಬಳಸಿ ಕಟ್ಟುತ್ತದೆ, ಪಠ್ಯವನ್ನು ಕೂಡಿಸಿದ ರೂಪಕ್ಕೆ ತರುತ್ತದೆ, ಕೂಡು ಚಿಹ್ನೆಯನ್ನು ಸರಿಪಡಿಸುತ್ತದೆ, ನಿಲ್ ಬಂದರೆ ತಾನು ಪಡೆದ ತುಂಡುಗಳನ್ನೆಲ್ಲ ಅರೇ ರೂಪದಲ್ಲಿ ಲಾಗ್ ಮಾಡಿ ಅಸರ್ಟ್‌ನಲ್ಲಿ ನಿಲ್ಲುತ್ತದೆ. ಅದರ ಪರೀಕ್ಷೆಯ ಪಟ್ಟಿಯಲ್ಲಿ 'ಇಡ್ಲಿ & ವಡೆ' ಇದೆ, +91ರ ಒಂದು ಸುಳ್ಳು ಸಂಖ್ಯೆ ಇದೆ, ಎರಡು ಬಗೆಯ ಮೈಸೂರು, ವಿಭಾಜಕ ಇರುವ ಮತ್ತು ಇಲ್ಲದ ರಾಜ್‌ಕುಮಾರ್, ತುದಿಯಲ್ಲಿ ಹೊಸಸಾಲು ಇರುವ ಒಂದು ಸ್ಟ್ರಿಂಗ್, ಮತ್ತು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಇಡ್ಲಿ ಸಾಂಬಾರ್.